ಎಲೆ ಒದ್ದೆಯಾಗದ ಹಾಗೆ

ಊರಿಗೆ ಹೋದಾಗಲೆಲ್ಲ ನೆಂಟರು ಕೇಳುವ ಪ್ರಶ್ನೆ ಒಂದೇ. "ರಿಟೈರಾಗಿ ಇಷ್ಟು ವರ್ಷ ಆಯ್ತಲ್ಲ ಮಾರಾಯ, ಆ ವಿಶಾಖಪಟ್ಟಣದಲ್ಲಿ ಕೂತು ಏನು ಮಾಡ್ತೆ?" ಟೊಮೇಟೊ ಬೆಳೀತೇನೆ ಅಂದರೆ ನಗುತ್ತಾರೆ. ಅಡಿಕೆ ತೋಟದಲ್ಲಿ ಹುಟ್ಟಿದವನು, ಎಂ.ಕಾಂ. ಓದಿ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಇದ್ದವನು, ಕೊನೆಗೆ ಮನೆಯ ಹಿತ್ತಲಿನಲ್ಲಿ ಇಪ್ಪತ್ತು ಟೊಮೇಟೊ ಗಿಡ ಸಾಕಿಕೊಂಡು ಕೂತಿದ್ದಾನೆ ಅಂದರೆ ನಗು ಬರುವುದೇ. ನಾನೂ ಅವರ ಜೊತೆ ನಕ್ಕುಬಿಡುತ್ತೇನೆ. ಆದರೆ ಈ ಇಪ್ಪತ್ತು ಗಿಡಗಳಿಗೂ ತೀರ್ಥಹಳ್ಳಿಯ ಹತ್ತಿರದ ನಮ್ಮ ತೋಟಕ್ಕೂ ಒಂದು ಸಂಬಂಧ ಇದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ನಾನು ಸೇರಿದ್ದು ಕಾರ್ಪೊರೇಷನ್ ಬ್ಯಾಂಕಿಗೆ, 1980ರಲ್ಲಿ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು. ಆಗ ಕರಾವಳಿಯ ಬ್ಯಾಂಕುಗಳು ದೇಶದ ಉದ್ದಗಲಕ್ಕೂ ಶಾಖೆ ತೆರೆಯುತ್ತಿದ್ದವು, ನಮ್ಮಂಥವರು ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದೆವು. 1995ರಿಂದ 99ರವರೆಗೆ ವಿಜಯವಾಡದಲ್ಲಿದ್ದೆ. ಆಮೇಲೆ ಎಲ್ಲೆಲ್ಲೋ ತಿರುಗಿ 2012ರಲ್ಲಿ ವಿಶಾಖಪಟ್ಟಣಕ್ಕೆ ಬಂದೆ, 2017ರಲ್ಲಿ ಅಲ್ಲಿಯೇ ನಿವೃತ್ತನಾದೆ. ಮಗಳು ವಿಜಯವಾಡದಲ್ಲಿ ಕೆಲಸದಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. ಹೀಗಾಗಿ ಸೀತಮ್ಮಧಾರದಲ್ಲಿ ಹಿತ್ತಲಿರುವ ಒಂದು ಹಳೆಯ ಮನೆ ಹಿಡಿದು ನಿಂತೆವು. ಪಕ್ಕದ ಮನೆಯವರು ಆಂಧ್ರ ಬ್ಯಾಂಕಿನ ನಿವೃತ್ತ ಮ್ಯಾನೇಜರ್. ಅವರ ಬ್ಯಾಂಕು 1923ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದ್ದು. 2020ರ ಏಪ್ರಿಲ್ ಒಂದರಂದು ಅವರದೂ ನಮ್ಮದೂ ಎರಡೂ ಒಂದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಅವತ್ತು ಅವರು ಕಾಂಪೌಂಡಿನ ಆ ಕಡೆಯಿಂದ, "ಏನು ಸಾರ್, ಇನ್ನು ಮೇಲೆ ನಾವಿಬ್ಬರೂ ಒಂದೇ ಮನೆಯವರು" ಅಂದರು. ಲಾಕ್‌ಡೌನ್ ಕಾಲ. ಹೊರಗೆ ಹೋಗುವ ಹಾಗಿಲ್ಲ. ಇಬ್ಬರೂ ಹಿತ್ತಲಿಗೆ ಇಳಿದೆವು.

ವಿಶಾಖಪಟ್ಟಣದ ಹವೆಯ ಬಗ್ಗೆ ಊರಿನವರಿಗೆ ಒಂದು ಮಾತು ಹೇಳಬೇಕು. ಸಮುದ್ರ ಹತ್ತಿರ. ಸೆಖೆ, ಅದರ ಜೊತೆಗೆ ತೇವ. ನಮ್ಮಲ್ಲಿ ಮಳೆ ಮುಗಿಯುವ ಹೊತ್ತಿಗೆ ಇಲ್ಲಿ ಅಕ್ಟೋಬರ್, ನವೆಂಬರ್‌ನ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಸಾಲಾಗಿ ಬರುತ್ತವೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರ ಈ ಊರಿನ ಮೇಲೆಯೇ ಬಂತು. ಮರುದಿನ ಬೆಳಿಗ್ಗೆ ನಮ್ಮ ಬೀದಿಯಲ್ಲಿ ನಿಂತ ಮರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಟೊಮೇಟೊ ನೆಡುವ ಕಾಲವೂ ಇದೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಸಿ ನೆಟ್ಟರೆ ಚಳಿಗಾಲಕ್ಕೆ ಹಣ್ಣು. ಮಳೆ ನಿಂತ ಮೇಲೂ ಬೆಳಗಿನ ಇಬ್ಬನಿ ಎಲೆಯ ಮೇಲೆ ಬಿಸಿಲು ಏರುವವರೆಗೆ ಕೂತಿರುತ್ತದೆ.

ಮೊದಲ ವರ್ಷ ಗಿಡಗಳು ಸೊಂಟದೆತ್ತರ ಬಂದು ಹೂ ಬಿಟ್ಟವು. ಕಾಯಿ ಗೋಲಿ ಗಾತ್ರ ಆಗುವಾಗ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಕಾಣಿಸಿತು. ಹತ್ತಿರದಿಂದ ನೋಡಿದರೆ ಚುಕ್ಕೆಯೊಳಗೆ ಬಳೆ, ಬಳೆಯೊಳಗೆ ಬಳೆ, ಮರ ಕೊಯ್ದ ತುಂಡಿನಲ್ಲಿ ಕಾಣುವ ಹಾಗೆ. ಸುತ್ತ ಹಳದಿ. ಹದಿನೈದು ದಿನದಲ್ಲಿ ಚುಕ್ಕೆ ಏಣಿ ಹತ್ತಿದ ಹಾಗೆ ಕೆಳಗಿನಿಂದ ಮೇಲೆ ಹತ್ತಿತು, ಎಲೆಗಳು ಒಣಗಿ ಜೋತುಬಿದ್ದವು. ಕಾಯಿ ಬಿಸಿಲಿಗೆ ಬೆಂದುಹೋಯಿತು. ಪಕ್ಕದ ಮನೆಯವರು ನೋಡಿ, "ಆಕುಮಾಡು ತೆಗುಲು ಸಾರ್, ಮಂದು ಕೊಟ್ಟಾಲಿ" ಅಂದರು. ಆಕು ಎಂದರೆ ಎಲೆ, ಮಾಡು ಎಂದರೆ ಸೀದುಹೋಗುವುದು, ತೆಗುಲು ಎಂದರೆ ರೋಗ. ನಮ್ಮ ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಅಂಗಮಾರಿ ಅನ್ನುತ್ತಾರೆ. ಮಂದು ಕೊಟ್ಟಾಲಿ ಎಂದರೆ ಮದ್ದು ಹೊಡೀಬೇಕು. ನೋಡಿ, ಕನ್ನಡದಲ್ಲೂ ತೆಲುಗಿನಲ್ಲೂ ಗಿಡಕ್ಕೆ ಮದ್ದನ್ನು 'ಹೊಡೆಯುವುದೇ' ಹೊರತು ಕೊಡುವುದಿಲ್ಲ.

ಟೊಮೇಟೊಗೆ ಬರುವ ಅಂಗಮಾರಿಯಲ್ಲಿ ಎರಡು ಬಗೆ. ಬಳೆ ಬಳೆಯಾಗಿ ಚುಕ್ಕೆ ಬೀಳುವುದು ಮೊದಲ ಅಂಗಮಾರಿ, ಆಲ್ಟರ್ನೇರಿಯಾ ಎಂಬ ಶಿಲೀಂಧ್ರದಿಂದ ಬರುವಂಥದ್ದು. 24ರಿಂದ 29 ಡಿಗ್ರಿ ಉಷ್ಣಾಂಶ, ಎಲೆಯ ಮೇಲೆ ನೀರು, ಇಷ್ಟಿದ್ದರೆ ಅದಕ್ಕೆ ಹಬ್ಬ. ಇನ್ನೊಂದು ಕೊನೆಯ ಅಂಗಮಾರಿ, ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಅಂತ ಅದರ ಹೆಸರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ನಾಶ ಮಾಡಿ ಕ್ಷಾಮ ತಂದದ್ದು ಇದೇ. ಇದಕ್ಕೆ ತಂಪು ಬೇಕು, 15ರಿಂದ 20 ಡಿಗ್ರಿ, ಜೊತೆಗೆ ಬಿಡದ ಮೋಡ ಮಳೆ. ಅಂಥ ಹವೆ ಸಿಕ್ಕರೆ ಒಂದು ವಾರದಲ್ಲಿ ಹೊಲಕ್ಕೆ ಹೊಲವನ್ನೇ ಕರ್ರಗೆ ಮಾಡಿಬಿಡುತ್ತದೆ. 2009-10ರಲ್ಲಿ ಕರ್ನಾಟಕದ ಟೊಮೇಟೊ ಬೆಳೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಇದರ ಒಂದು ಹೊಸ ತಳಿ ಎಂದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದರು. ವಿಶಾಖಪಟ್ಟಣದ ಸೆಖೆಗೆ ಈ ಎರಡನೆಯದು ಒಗ್ಗುವುದಿಲ್ಲ. ನಮ್ಮ ಹಿತ್ತಲಿನ ಕಾಟವೆಲ್ಲ ಮೊದಲನೆಯದರದು.

ಆದರೆ ಫೈಟಾಫ್ತೊರಾ ಎಂಬ ಹೆಸರು ಓದಿದ ಕೂಡಲೇ ನನಗೆ ನೆನಪಾದದ್ದು ಅಪ್ಪಯ್ಯ. ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ ಕೊಳೆರೋಗದ ಕಾರಣ ಹುಡುಕಿ 1910ರಲ್ಲಿ ಬರೆದರು. ಬೋರ್ಡೋ ದ್ರಾವಣ ನಮ್ಮ ಕಡೆಯ ತೋಟಗಳಿಗೆ ಬಂದದ್ದು ಅವರಿಂದ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಆ ನೀಲಿ ನೀರಿನ ಗುಣವನ್ನು ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬವರು 1880ರ ದಶಕದಲ್ಲಿ ಕಂಡುಕೊಂಡಿದ್ದರು. ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಬಳಿದಿದ್ದರಂತೆ, ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲವಂತೆ.

ಬೋರ್ಡೋ ಬರುವ ಮೊದಲು ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಕೊಟ್ಟೆ ಕಟ್ಟುತ್ತಿದ್ದರು. ಅಡಿಕೆ ಹಾಳೆಯಿಂದಲೋ ಹುಲ್ಲಿನಿಂದಲೋ ಮಾಡಿದ ಕೊಟ್ಟೆಯನ್ನು ಮಳೆಗಾಲಕ್ಕೆ ಮುಂಚೆ ಕೊನೆಗಾರ ಮರ ಹತ್ತಿ ಒಂದೊಂದು ಕೊನೆಗೂ ಕೊಡೆ ಹಿಡಿದ ಹಾಗೆ ಕಟ್ಟಿ ಬರುತ್ತಿದ್ದ. ಅವರಿಗೆ ಶಿಲೀಂಧ್ರವೂ ಗೊತ್ತಿರಲಿಲ್ಲ, ಬೀಜಾಣುವೂ ಗೊತ್ತಿರಲಿಲ್ಲ. ಕಾಯಿ ಒದ್ದೆಯಾದರೆ ಕೊಳೆಯುತ್ತದೆ, ಒದ್ದೆಯಾಗದ ಹಾಗೆ ನೋಡಿಕೊಂಡರೆ ಉಳಿಯುತ್ತದೆ ಎಂಬುದು ಗೊತ್ತಿತ್ತು. ಟೊಮೇಟೊ ಗಿಡದ ವಿಷಯದಲ್ಲೂ ಅಷ್ಟೇ. ಎಲೆಯ ಮೇಲೆ ಕೆಲವು ಗಂಟೆ ನೀರು ನಿಂತರೆ ಬೀಜಾಣು ಮೊಳೆಯುತ್ತದೆ. ಎಲೆ ಬೇಗ ಒಣಗಿದರೆ ಅದರ ಆಟ ನಡೆಯುವುದಿಲ್ಲ.

ಹಾಗಾದರೆ ಪಕ್ಕದವರು ಹೇಳಿದ ಹಾಗೆ ಅಂಗಡಿಯ ಮದ್ದು ಯಾಕೆ ತರಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ವಿಜಯವಾಡದ ನಾಲ್ಕು ವರ್ಷ ಕಾರಣ. ನಾನು ಅಲ್ಲಿ ಕೃಷಿ ಸಾಲದ ವಿಭಾಗದಲ್ಲಿದ್ದೆ. ಕೃಷ್ಣಾ ನದಿಯ ಆಸುಪಾಸಿನ ಲಂಕ ಹಳ್ಳಿಗಳು, ಅಂದರೆ ನದಿಯ ನಡುಗಡ್ಡೆಯ ಊರುಗಳು, ತರಕಾರಿಗೆ ಹೆಸರುವಾಸಿ. ಸಾಲದ ತಪಾಸಣೆಗೆ ಹೋದಾಗ ರೈತರ ಮನೆಯಲ್ಲಿ ಎರಡು ಲೆಕ್ಕ ಇರುತ್ತಿದ್ದವು. ಒಂದು ನಮ್ಮ ಪಾಸ್‌ಬುಕ್ಕು. ಇನ್ನೊಂದು ಔಷಧಿ ಅಂಗಡಿಯ ಚೀಟಿ. ಬಿತ್ತುವಾಗ ಉದ್ದರಿ ಕೊಡುವವನೂ ಅವನೇ, ಯಾವ ರೋಗಕ್ಕೆ ಯಾವ ಡಬ್ಬ ಎಂದು ಹೇಳುವವನೂ ಅವನೇ. ಬೆಳೆ ಬಂದಾಗ ಮೊದಲು ಅವನ ಬಾಕಿ ಚುಕ್ತಾ ಆಗಬೇಕು. ನಮ್ಮ ಬ್ಯಾಂಕಿನ ಬಡ್ಡಿಗಿಂತ ಆ ಚೀಟಿ ರೈತನ ನಿದ್ದೆ ಕೆಡಿಸುತ್ತಿತ್ತು. 1997-98ರಲ್ಲಿ ವಾರಂಗಲ್ ಕಡೆ ಹತ್ತಿ ಬೆಳೆದವರು ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಂಡ ವರ್ಷ ನಾನು ಅಲ್ಲಿದ್ದೆ. ಎಷ್ಟೋ ಜನ ಕುಡಿದದ್ದು ಬೆಳೆಗೆಂದು ಉದ್ದರಿ ತಂದ ಅದೇ ಔಷಧಿಯನ್ನು. ಆ ಡಬ್ಬಗಳ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ. ಮನೆಯ ಬಾಗಿಲಿಗೆ ಅದನ್ನು ತರಬಾರದು ಎನ್ನುವುದು ನನ್ನ ಹಠ. ನನ್ನವಳದ್ದು ಇನ್ನೂ ಸರಳ: "ಮೊಮ್ಮಗ ಗಿಡದಿಂದ ಕಿತ್ತು ತೊಳೀದೆ ತಿಂತಾನೆ, ಅದೆಲ್ಲ ಬೇಡ ಕಣ್ರೀ."

ಈಗ ನಾವು ಮಾಡುವ ಕ್ರಮ ಹೇಳುತ್ತೇನೆ. ಇದರಲ್ಲಿ ಮುಕ್ಕಾಲು ಪಾಲು ಮದ್ದೇ ಅಲ್ಲ, ಮನೆಗೆಲಸ.

ಮೊದಲನೆಯದು ಜಾಗ. ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಇವೆಲ್ಲ ಒಂದೇ ಕುಟುಂಬದವು. ಒಬ್ಬರ ರೋಗ ಇನ್ನೊಬ್ಬರಿಗೆ ದಾಟುತ್ತದೆ. ಹೋದ ವರ್ಷ ಇವು ಇದ್ದ ಪಾತಿಯಲ್ಲಿ ಈ ವರ್ಷ ಬೆಂಡೆಯೋ ಅಲಸಂದೆಯೋ ಹಾಕಬೇಕು, ಎರಡು ಮೂರು ವರ್ಷ ಬಿಟ್ಟು ಟೊಮೇಟೊ ತರಬೇಕು. ಹಳೆಯ ಗಿಡದ ಕಸದಲ್ಲಿ ರೋಗ ಬದುಕಿರುತ್ತದೆ, ತಾನಾಗಿ ಹುಟ್ಟಿದ ಸಸಿಗಳಲ್ಲೂ ಇರುತ್ತದೆ. ಅವನ್ನೆಲ್ಲ ಕಿತ್ತು ಆರಿಸಬೇಕು.

ಎರಡನೆಯದು ಗಾಳಿ. ಗಿಡದಿಂದ ಗಿಡಕ್ಕೆ ಎರಡು ಅಡಿಗೆ ಕಮ್ಮಿ ಇಲ್ಲ. ಪ್ರತಿ ಗಿಡಕ್ಕೂ ಒಂದು ಬಿದಿರು ಕೋಲು ಊರಿ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟುತ್ತೇವೆ. ಗಿಡ ಬೆಳೆದ ಮೇಲೆ ಬುಡದಿಂದ ಒಂದು ಅಡಿಯವರೆಗಿನ ಎಲೆಗಳನ್ನು ತೆಗೆದುಬಿಡುತ್ತೇವೆ. ರೋಗದ ಮೊದಲ ಮೆಟ್ಟಿಲು ಅದು.

ಮೂರನೆಯದು ನೀರು. ಬೆಳಿಗ್ಗೆ ಮಾತ್ರ, ಬುಡಕ್ಕೆ ಮಾತ್ರ. ಪೈಪು ಹಿಡಿದು ತಲೆಯ ಮೇಲೆ ಸ್ನಾನ ಮಾಡಿಸುವ ಹಾಗಿಲ್ಲ. ಮಳೆಹನಿ ಮಣ್ಣಿಗೆ ಬಿದ್ದು ಸಿಡಿದಾಗ ಮಣ್ಣಿನ ಜೊತೆ ಬೀಜಾಣುವೂ ಎಲೆಗೆ ಹಾರುತ್ತದೆ. ಅದಕ್ಕೆ ಬುಡದ ಸುತ್ತ ಭತ್ತದ ಹುಲ್ಲಿನ ದಪ್ಪ ಹಾಸು ಹಾಕುತ್ತೇವೆ. ಆಂಧ್ರದಲ್ಲಿ ಭತ್ತದ ಹುಲ್ಲಿಗೆ ಏನು ಬರ! ಸಾಲಿನ ಒಂದು ತುದಿಯನ್ನು ಸಜ್ಜದ ಕೆಳಗೆ ತಂದಿದ್ದೇವೆ. ಮಳೆ ನೇರ ಬೀಳದ ಆ ಐದು ಗಿಡಗಳು ಪ್ರತಿ ವರ್ಷ ಉಳಿದವಕ್ಕಿಂತ ಮೂರು ವಾರ ಹೆಚ್ಚು ಬಾಳುತ್ತವೆ. ಅದು ನಮ್ಮ ಕೊಟ್ಟೆ.

ನಾಲ್ಕನೆಯದು ಗಿಡದ ಹೊಟ್ಟೆ. ಹಸಿದ ಗಿಡಕ್ಕೆ ಈ ರೋಗ ಬೇಗ ಹಿಡಿಯುತ್ತದೆ. ನೆಡುವ ಮೊದಲು ಹತ್ತು ಕಿಲೋ ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ ನೂರು ಗ್ರಾಂ ಟ್ರೈಕೋಡರ್ಮಾ ಪುಡಿ ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಹದಿನೈದು ದಿನ ಮುಚ್ಚಿಡುತ್ತೇನೆ. ಕೆಟ್ಟ ಶಿಲೀಂಧ್ರವನ್ನು ತಿನ್ನುವ ಒಳ್ಳೆಯ ಶಿಲೀಂಧ್ರ ಅದು. ಆಮೇಲೆ ಹದಿನೈದು ದಿನಕ್ಕೊಮ್ಮೆ ಜೀವಾಮೃತ.

ಇಷ್ಟಾದ ಮೇಲೆ ಸಿಂಪಡಿಸುವ ಮಾತು. ಇಲ್ಲಿ ಆಂಧ್ರದವರಿಂದ ಕಲಿತದ್ದು ಬಹಳ. 2016ರಿಂದ ಈ ರಾಜ್ಯದಲ್ಲಿ ಪ್ರಕೃತಿ ವ್ಯವಸಾಯಂ ಎಂಬ ಸರಕಾರಿ ಕಾರ್ಯಕ್ರಮ ದೊಡ್ಡದಾಗಿ ನಡೆದಿದೆ. ಮೊದಲಿಗೆ ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿಯ ಹೆಸರಿನಲ್ಲಿತ್ತು. ಮಹಿಳಾ ಸ್ವಸಹಾಯ ಸಂಘಗಳೇ ಇದರ ಬೆನ್ನೆಲುಬು. 2024ರಲ್ಲಿ ಪೋರ್ಚುಗಲ್‌ನ ಗುಲ್ಬೆಂಕಿಯನ್ ಪ್ರಶಸ್ತಿಯಲ್ಲೂ ಇದಕ್ಕೆ ಪಾಲು ಬಂತು. ನಮ್ಮ ಮನೆಗೆ ಸೊಪ್ಪು ತರುವ ಹೆಂಗಸು ಅಂಥ ಸಂಘದವಳು. ಹುಳಿ ಮಜ್ಜಿಗೆಯ ಉಪಾಯ ನನ್ನವಳಿಗೆ ಹೇಳಿಕೊಟ್ಟವಳು ಅವಳೇ. "ಅಕ್ಕಯ್ಯ, ಐದು ದಿನ ಹುಳಿಯಾಗಲಿ, ಬಾಯಿಗಿಡಲಾರದಷ್ಟು ಹುಳಿ," ಅಂದಳಂತೆ. ಒಂದು ಪಾಲು ಮಜ್ಜಿಗೆಗೆ ಹತ್ತು ಪಾಲು ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ, ವಾರಕ್ಕೊಮ್ಮೆ ಎಲೆಯ ಮೇಲೂ ಕೆಳಗೂ ಬೀಳುವಂತೆ ಬೆಳಿಗ್ಗೆ ಸಿಂಪಡಿಸುತ್ತೇವೆ. ಒಂದು ವಾರ ಮಜ್ಜಿಗೆ, ಇನ್ನೊಂದು ವಾರ ಲೀಟರಿಗೆ ಹತ್ತು ಗ್ರಾಂ ಸ್ಯೂಡೋಮೊನಾಸ್. ಒಣಶುಂಠಿ ಕಷಾಯಕ್ಕೆ ಹಾಲು ಬೆರೆಸಿ ಹೊಡೆಯುವ ಕ್ರಮವೂ ಅವರಲ್ಲಿದೆ. ಬೇವಿನ ಎಣ್ಣೆ ಹುಳಕ್ಕೆ ಸರಿ, ಈ ರೋಗಕ್ಕೆ ಅದನ್ನು ನಂಬಿ ಕೂರಬಾರದು. ಒಂದು ಮಾತು ನೆನಪಿರಲಿ. ಇವೆಲ್ಲ ಬರುವುದನ್ನು ತಡೆಯುವಂಥವು. ಚುಕ್ಕೆ ಬಿದ್ದ ಎಲೆಯನ್ನು ಯಾವ ಮಜ್ಜಿಗೆಯೂ ಮತ್ತೆ ಹಸಿರು ಮಾಡುವುದಿಲ್ಲ. ಅದನ್ನು ಚಿವುಟಿ ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು.

ವಾಯುಭಾರ ಕುಸಿತ ಬಂದು ಮೂರು ನಾಲ್ಕು ದಿನ ಮಳೆ ಎಂದು ರೇಡಿಯೋದಲ್ಲಿ ಹೇಳಿದರೆ ಮಾತ್ರ ಅಪ್ಪಯ್ಯನ ಮದ್ದು. ಹತ್ತು ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, ಹತ್ತು ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು. ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಅಪ್ಪಯ್ಯ ಕತ್ತಿ ಅದ್ದಿ ನೋಡುತ್ತಿದ್ದರು. ಅವತ್ತು ಕಲಸಿದ್ದು ಅವತ್ತೇ ಮುಗಿಯಬೇಕು. ಸಾವಯವದವರೂ ಇದನ್ನು ಒಪ್ಪುತ್ತಾರೆ, ಆದರೆ ತಾಮ್ರ ಮಣ್ಣಿನಲ್ಲಿ ಕರಗಿಹೋಗದೆ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುವುದರಿಂದ ಕೈ ಬಿಗಿಹಿಡಿಯಬೇಕು. ನಾವು ವರ್ಷಕ್ಕೆ ಎರಡು ಸಲ ಮೀರಿಲ್ಲ.

ತಳಿಯ ಮಾತನ್ನೂ ಹೇಳಬೇಕು. ಹೆಸರಘಟ್ಟದವರ ಅರ್ಕಾ ರಕ್ಷಕ್ ಎಲೆ ಮುರುಟು ವೈರಸ್, ಸೊರಗು ರೋಗ, ಮೊದಲ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್. ಅದರ ನಂತರ ಬಂದ ಅರ್ಕಾ ಅಭೇದ್ ಕೊನೆಯ ಅಂಗಮಾರಿಯನ್ನೂ ತಡೆಯುತ್ತದೆ. ಬೆಂಗಳೂರಿನಿಂದ ಅಣ್ಣನ ಮಗ ಬೀಜದ ಪೊಟ್ಟಣ ಕಳಿಸುತ್ತಾನೆ. ಕನ್ನಡದ ಬೀಜ, ತೆಲುಗು ಮಣ್ಣು ಎಂದು ಪಕ್ಕದವರು ತಮಾಷೆ ಮಾಡುತ್ತಾರೆ.

ವಿಜಯವಾಡದ ಪಟಮಟದಲ್ಲಿ ಮಗಳ ಮನೆಯ ತಾರಸಿಯ ಮೇಲೂ ಹತ್ತು ಕುಂಡ ಇಟ್ಟಿದ್ದೇವೆ. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತರೆ 350 ಕಿಲೋಮೀಟರು, ಸುಮಾರು ಆರು ಗಂಟೆ. ಅಲ್ಲಿಯ ಹವೆ ಬೇರೆ. ಸಮುದ್ರದ ಗಾಳಿ ಇಲ್ಲ, ತಾರಸಿಯಲ್ಲಿ ಎಲೆ ಬೇಗ ಒಣಗುತ್ತದೆ, ಅಂಗಮಾರಿ ಕಮ್ಮಿ. ಆದರೆ ಮಾರ್ಚ್ ಬಂತೆಂದರೆ ಬಿಸಿಲಿಗೆ ಹೂವೆಲ್ಲ ಉದುರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಎಷ್ಟೋ ಬಡಾವಣೆಗಳು ಮುಳುಗಿದಾಗ ಮಗಳು ಫೋನಿನಲ್ಲಿ, "ಅಪ್ಪಾ, ನಾವು ಚೆನ್ನಾಗಿದೀವಿ, ಆದ್ರೆ ಸಿಂಗ್ ನಗರದ ಕೆಲಸದವಳ ಮನೇಲಿ ಏನೂ ಉಳಿದಿಲ್ಲ" ಅಂದಳು. ಆ ವರ್ಷ ಅವಳ ಸಸಿಗಳು ಆ ಕೆಲಸದವಳ ಮನೆಗೆ ಹೋದವು. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ ನೂರೈವತ್ತು, ಇನ್ನೂರು ಆಗಿ, ರೈತು ಬಜಾರಿನಲ್ಲಿ ಸರಕಾರ ಐವತ್ತಕ್ಕೆ ಕೊಡುವಾಗ ಜನ ಸಾಲು ನಿಂತದ್ದನ್ನು ನೋಡಿದವಳು ಅವಳು. ಒಂದು ಕುಂಡ ಅಂದರೂ ಅದಕ್ಕೆ ಬೆಲೆ ಇದೆ.

ಇನ್ನು ಊರಿನ ವಿಷಯ. ನಾಲ್ಕೈದು ವರ್ಷದಿಂದ ನಮ್ಮ ಕಡೆಯ ಅಡಿಕೆಗೆ ಎಲೆಚುಕ್ಕೆ ರೋಗ ಬಂದಿರುವುದು ನಿಮಗೆ ಗೊತ್ತೇ ಇದೆ. ಕೊಳೆ ಬಂದರೆ ಆ ವರ್ಷದ ಫಸಲು ಹೋಗುತ್ತಿತ್ತು. ಎಲೆಚುಕ್ಕೆ ಬಂದರೆ ಸೋಗೆ ಒಣಗಿ ಮರವೇ ಸೊರಗುತ್ತದೆ. ಅಣ್ಣನಿಗೆ ಎಪ್ಪತ್ತಾರು. ಮಕ್ಕಳಿಬ್ಬರೂ ಬೆಂಗಳೂರು. ಕೊನೆಗಾರರು ಸಿಗುವುದಿಲ್ಲ, ಸಿಕ್ಕರೂ ಒಂದೇ ದಿನ ಎಲ್ಲರ ತೋಟಕ್ಕೂ ಬೇಕು. ಭಾನುವಾರದ ಫೋನಿನಲ್ಲಿ ಅವನ ಮಾತು ಒಂದೇ ಧಾಟಿ ಆಯಿತು. "ಶಿವಮೊಗ್ಗದವರೊಬ್ಬರು ಕೇಳ್ತಾ ಇದಾರೆ. ನಿನ್ನ ಪಾಲಿಂದು ಏನು ಮಾಡೂದು ಹೇಳು. ನಂದೂ ಒಟ್ಟಿಗೇ ಕೊಟ್ಟುಬಿಡ್ತೆ." ಒಂದೂಕಾಲು ಎಕರೆ ನನ್ನದು, ಅಷ್ಟೇ ಅವನದು. ಬ್ಯಾಂಕಿನವನ ಲೆಕ್ಕದಲ್ಲಿ ಮಾರುವುದೇ ಸರಿ. ಠೇವಣಿಯ ಬಡ್ಡಿ ತೋಟದ ಆದಾಯಕ್ಕಿಂತ ಹೆಚ್ಚು ಬರುತ್ತದೆ, ಆಳಿನ ಚಿಂತೆ ಇಲ್ಲ. ಕಾಗದದಲ್ಲಿ ಎರಡು ಸಲ ಬರೆದು ನೋಡಿದೆ. ಎರಡು ಸಲವೂ ಅದೇ ಉತ್ತರ.

2024ರ ಡಿಸೆಂಬರಿನಲ್ಲಿ ಅಣ್ಣ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ನಮ್ಮಲ್ಲಿಗೆ ಬಂದು ಒಂದು ತಿಂಗಳು ಇದ್ದ. ಟೊಮೇಟೊ ಕೆಂಪಗಾಗುವ ಕಾಲ. ಮೊದಲ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲಿನಲ್ಲಿ ನಿಂತು ಎಲೆ ತಿರುಗಿಸಿ ನೋಡುತ್ತಿದ್ದ. "ಇಲ್ಲೊಂದು ಬಿಟ್ಟಿದೀಯ" ಅಂತ ಚುಕ್ಕೆ ಬಿದ್ದ ಎಲೆ ಚಿವುಟಿ ನನ್ನ ಕೈಗೆ ಕೊಟ್ಟ. ಆಪರೇಷನ್ ಆದ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅವತ್ತಿನಿಂದ ಅವನದೇ ಉಸ್ತುವಾರಿ. ಪಕ್ಕದ ಮನೆಯವರ ಬದನೆ ಗಿಡ ನೋಡಿ, "ಅವರದ್ದೂ ಕೀಳಿಸು, ಇಲ್ದಿದ್ರೆ ನೀ ಮಾಡಿದ್ದೆಲ್ಲ ವ್ಯರ್ಥ" ಅಂದ. ನಾನು ಮಧ್ಯೆ ನಿಂತು ತರ್ಜುಮೆ ಮಾಡಿದೆ. ಅವರು ಎದುರು ಮಾತಾಡದೆ ರೋಗದ ಎಲೆಗಳನ್ನೆಲ್ಲ ಕಿತ್ತು ಸುಟ್ಟರು. ಸಂಜೆ ಅಣ್ಣ ತಾನಾಗಿಯೇ ಹೇಳಿದ, "ಊರಲ್ಲೂ ಇದೇ ತೊಂದರೆ. ನಾ ಸೋಗೆ ತೆಗೆಸಿ ಸುಟ್ರೆ ಪಕ್ಕದ ತೋಟದವ ಸುಡ್ತಿಲ್ಲ. ಒಬ್ಬ ಹೇಳೂಕೆ ಬೇಕು, ಒಬ್ಬ ಓಡಾಡೂಕೆ ಬೇಕು. ನನ್ನ ಕಾಲು ಆಗ್ತಿಲ್ಲ."

ಅಂದು ರಾತ್ರಿ ನನಗೆ ಹೊಳೆದದ್ದು ಬರೀ ತಿಂಗಳ ಲೆಕ್ಕ. ಅಡಿಕೆಗೆ ಮದ್ದು ಹೊಡೆಸುವುದು ಮಳೆಗೆ ಮುಂಚೆ ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಅಲ್ಲಿ ಒಬ್ಬ ಬೇಕು. ಇಲ್ಲಿ ಟೊಮೇಟೊ ಸಸಿ ನೆಡುವುದು ಸೆಪ್ಟೆಂಬರ್ ಕೊನೆಗೆ. ಎರಡು ಕೆಲಸ ಒಂದಕ್ಕೊಂದು ಅಡ್ಡ ಬರುವುದೇ ಇಲ್ಲ. ನನ್ನವಳಿಗೆ ಹೇಳಿದೆ. "ಸೆಖೆಗಾಲ ತಪ್ಪತ್ತೆ, ಹೋಗೋಣ" ಅಂದಳು.

2025ರ ಮಳೆಗಾಲ ನಾವು ಊರಿನಲ್ಲಿ ಕಳೆದೆವು. ಏಳು ತೋಟದವರನ್ನು ಕೂಡಿಸಿ ಒಬ್ಬನೇ ಕೊನೆಗಾರನ ತಂಡಕ್ಕೆ ಮುಂಗಡ ಕೊಟ್ಟು, ಸರದಿ ಪಟ್ಟಿ ಮಾಡಿದೆ. ರೋಗದ ಸೋಗೆ ಒಂದೇ ವಾರದಲ್ಲಿ ಎಲ್ಲರೂ ತೆಗೆಸಬೇಕೆಂದು ಒಪ್ಪಿಸುವುದಕ್ಕೆ ಬ್ಯಾಂಕಿನಲ್ಲಿ ವಸೂಲಿಗೆ ತಿರುಗಿದ ಅನುಭವ ಚೆನ್ನಾಗಿ ಉಪಯೋಗಕ್ಕೆ ಬಂತು. ಐವರು ಮಾಡಿದರು, ಇಬ್ಬರು ಮಾಡಲಿಲ್ಲ. ರೋಗ ಹೋಗಿಲ್ಲ, ಮೇಲಿನ ಹೊಸ ಸೋಗೆ ಈ ಸಲ ಹಸಿರಾಗಿತ್ತು. ಶಿವಮೊಗ್ಗದವರಿಗೆ ಅಣ್ಣ ಇನ್ನೂ ಇಲ್ಲ ಅಂದಿಲ್ಲ, ಇನ್ನೊಂದು ವರ್ಷ ನೋಡೋಣ ಅಂದಿದ್ದಾನೆ.

ಹೊರಡುವಾಗ ಆ ಇಬ್ಬರ ಮನೆಗೂ ಹೋಗಿ ಕಾಫಿ ಕುಡಿದು, ಮುಂದಿನ ಮೇ ತಿಂಗಳಲ್ಲಿ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಇಲ್ಲಿ ಪಕ್ಕದ ಮನೆಯವರು ನಾವಿಲ್ಲದ ನಾಲ್ಕು ತಿಂಗಳೂ ಪಾತಿಯಲ್ಲಿ ಅಲಸಂದೆ ಬೆಳೆದು, ಸಸಿ ಮಡಿಗೆ ಹುಲ್ಲು ಹಾಸಿ ಇಟ್ಟಿದ್ದರು.